ಒಂದಕ್ಷರದ ಅಂತರ: ಓದುಗರ ಪ್ರಶ್ನೆಗಳಿಗೆ ಉತ್ತರ

ನೋಡಲು ಒಂದೇ ತರಹ ಕಾಣುವ ಇಂಗ್ಲಿಷ್ ಶಬ್ದಗಳು ಮತ್ತು ಹೆಸರುಗಳ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಎಲ್ಲಕ್ಕೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಶಬ್ದವಾದರೆ ಅರ್ಥ ನೋಡಿ ಅಕ್ಷರ ಹಾಕಬೇಕು, ಹೆಸರಾದರೆ ದಾಖಲೆ ನೋಡಿ ಅಕ್ಷರ ಹಾಕಬೇಕು. ಕಿವಿಗೆ ಕೇಳಿದ ಹಾಗೆ ಬರೆಯುವುದು ಕನ್ನಡಕ್ಕೆ ಸರಿ, ಇಂಗ್ಲಿಷಿಗೆ ಅಲ್ಲ.

ಪ್ರಶ್ನೆ: ನಮ್ಮ ಅಂಗಡಿಗೆ ಹೊಸಾ ಬೋರ್ಡ್ ಬರಸಾಕತ್ತೀವ್ರಿ. ನೋಟ್‌ಬುಕ್, ಪೆನ್ನು, ಫೈಲು ಮಾರೂ ಅಂಗಡಿ. ‘ಸ್ಟೇಷನರಿ’ ಅನ್ನೂದಕ್ಕ ಒಬ್ಬ ಪೇಂಟರ್ ಕೊನೀಗೆ ‘ಎ’ ಹಾಕ್ತಾನ, ಇನ್ನೊಬ್ಬ ‘ಇ’ ಹಾಕ್ತಾನ. ಯಾವುದು ಖರೇ?
— ದುರ್ಗದಬೈಲಿನ ಅಂಗಡಿಕಾರರು, ಹುಬ್ಬಳ್ಳಿ

ಉತ್ತರ: ನಿಮ್ಮ ಅಂಗಡಿಗೆ ಬೇಕಾದದ್ದು ‘ಇ’. ಎಸ್-ಟಿ-ಎ-ಟಿ-ಐ-ಒ-ಎನ್-ಇ-ಆರ್-ವೈ ಅಂದರೆ ಕಾಗದ, ಪೆನ್ನು, ಲಕೋಟೆ ಮೊದಲಾದ ಬರವಣಿಗೆಯ ಸಾಮಾನು. ಅದೇ ಜಾಗದಲ್ಲಿ ‘ಎ’ ಹಾಕಿದರೆ ಅರ್ಥವೇ ಬೇರೆಯಾಗಿ ‘ಅಲುಗಾಡದೆ ನಿಂತಿರುವ’ ಎಂದಾಗುತ್ತದೆ. ಹೊಲದ ಬಾವಿಯ ಹತ್ತಿರ ಕಟ್ಟೆ ಕಟ್ಟಿ ಕೂರಿಸಿದ ಡೀಸೆಲ್ ಎಂಜಿನ್ನಿಗೆ ಸ್ಟೇಷನರಿ ಎಂಜಿನ್ ಅನ್ನುತ್ತಾರಲ್ಲ, ಅದು ‘ಎ’ ಇರುವ ಶಬ್ದ. ನಿಂತ ರೈಲು, ಜಿಮ್ಮಿನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲು, ಇವೂ ‘ಎ’ ಕಡೆಯವೇ.

ಎರಡೂ ಹುಟ್ಟಿದ್ದು ಒಂದೇ ಬೇರಿನಿಂದ. ಮಧ್ಯಯುಗದ ಯುರೋಪಿನಲ್ಲಿ ಬುಟ್ಟಿ ಹೊತ್ತು ಊರೂರು ತಿರುಗಿ ಮಾರುವವರ ನಡುವೆ, ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಕಡೆ ಮಳಿಗೆ ಹಾಕಿ ಪುಸ್ತಕ ಮಾರುವವನನ್ನು ‘ನಿಂತ ಅಂಗಡಿಯವ’ ಎಂಬ ಅರ್ಥದಲ್ಲಿ ಸ್ಟೇಷನರ್ ಎಂದು ಕರೆದರು. ಬೇಕರ್ ಮಾಡುವುದು ಬೇಕರಿ, ಗ್ರೋಸರ್ ಮಾರುವುದು ಗ್ರೋಸರಿ, ಹಾಗೆಯೇ ಸ್ಟೇಷನರ್ ಮಾರುವುದು ಸ್ಟೇಷನರಿ. ಮೂರರಲ್ಲೂ ‘ಇ-ಆರ್-ವೈ’. ನೆನಪಿಟ್ಟುಕೊಳ್ಳಲು ನಿಮ್ಮ ಅಂಗಡಿಯ ಕಪಾಟನ್ನೇ ನೋಡಿರಿ: ಪೇಪರ್, ಫೋಲ್ಡರ್, ಮಾರ್ಕರ್, ಸ್ಟೇಪ್ಲರ್, ರಿಜಿಸ್ಟರ್ ಎಲ್ಲವೂ ‘ಇ-ಆರ್’ ನಿಂದಲೇ ಮುಗಿಯುತ್ತವೆ.

ಕಂಪ್ಯೂಟರಿನ ಸ್ಪೆಲ್‌ಚೆಕ್ ಈ ತಪ್ಪನ್ನು ಹಿಡಿಯುವುದಿಲ್ಲ. ಎರಡೂ ನಿಘಂಟಿನಲ್ಲಿರುವ ಶಬ್ದಗಳಾದ್ದರಿಂದ ಕೆಂಪು ಗೆರೆ ಬೀಳುವುದೇ ಇಲ್ಲ. ಆದ್ದರಿಂದ ಪೇಂಟರಿಗೆ ಬಾಯಿಮಾತಿನಲ್ಲಿ ಹೇಳಬೇಡಿ, ದೊಡ್ಡಕ್ಷರದಲ್ಲಿ ಬರೆದು ಕೊಡಿ. ಬೋರ್ಡಿನ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬ ನಿಯಮ 2024ರಿಂದ ಇದೆ. ಹಾಗಾಗಿ ಮೊದಲು ‘ಸ್ಟೇಷನರಿ’ ಎಂದು ಕನ್ನಡದಲ್ಲಿ ಬರೆಸಿ, ಇಂಗ್ಲಿಷಿಗೆ ಕೆಳಗೆ ಜಾಗ ಬಿಡಿ.

ಇನ್ನೊಂದು ತೊಡಕು ಇರಬಹುದು. ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ, ಬ್ಯಾಂಕ್ ಖಾತೆಯಲ್ಲಿ ಅಂಗಡಿಯ ಹೆಸರು ಈಗಾಗಲೇ ‘ಎ’ ಹಾಕಿ ದಾಖಲಾಗಿದ್ದರೆ, ಬೋರ್ಡಿನಲ್ಲಿ ಮಾತ್ರ ತಿದ್ದಿ ಬಿಲ್ಲಿನಲ್ಲಿ ಹಳೆಯದನ್ನೇ ಉಳಿಸುವುದು ಗೊಂದಲಕ್ಕೆ ದಾರಿ. ಅಲ್ಲಿ ಅದು ಬರೀ ಶಬ್ದವಲ್ಲ, ನಿಮ್ಮ ಅಂಗಡಿಯ ಹೆಸರು. ಮೊದಲು ನೋಂದಣಿ ತಿದ್ದಿಸಿ, ಆಮೇಲೆ ಬ್ಯಾಂಕು, ಬಿಲ್‌ಬುಕ್ಕು, ರಬ್ಬರ್ ಸ್ಟಾಂಪು, ಎಲ್ಲಕ್ಕೂ ಕೊನೆಗೆ ಬೋರ್ಡು.

ಪ್ರಶ್ನೆ: ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸವಿತಾ’ ಎಂಬುದು ‘ಟಿ-ಎ’ ಎಂದು ಮುಗಿಯುತ್ತದೆ. ಆಧಾರ್‌ನಲ್ಲಿ ‘ಟಿ-ಎಚ್-ಎ’ ಎಂದಿದೆ. ಸರಿಯಾದ ಸ್ಪೆಲ್ಲಿಂಗ್ ಯಾವುದು? ಯಾವುದನ್ನು ತಿದ್ದಿಸಬೇಕು?
— ಪಾಲಕರು, ರಾಣೆಬೆನ್ನೂರು

ಉತ್ತರ: ಹೆಸರಿಗೆ ‘ಸರಿಯಾದ ಸ್ಪೆಲ್ಲಿಂಗ್’ ಎಂಬುದಿಲ್ಲ. ‘ದಾಖಲಾದ ಸ್ಪೆಲ್ಲಿಂಗ್’ ಎಂಬುದಿದೆ. ಆದರೆ ಎರಡು ಬಗೆ ಏಕಾಯಿತು ಎಂದು ತಿಳಿದರೆ ಮುಂದೆ ಜಾಗ್ರತೆಯಿಂದ ಇರಬಹುದು.

ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಮರಾಠಿ ಕಡೆಯ ರೂಢಿಯಂತೆ ಇಲ್ಲಿ ‘ತ’ಕ್ಕೂ ‘ಟ’ಕ್ಕೂ ಬರೀ ‘ಟಿ’ ಹಾಕಿ, ‘ಟಿ-ಎಚ್’ ಅನ್ನು ‘ಥ’, ‘ಠ’ಗಳಿಗೆ ಮೀಸಲಿಟ್ಟರು. ಅದಕ್ಕೇ ಗೀತಾ, ಸುನೀತಾ, ಲತಾ ಎಲ್ಲ ‘ಟಿ-ಎ’, ಹಿರೇಮಠ ಮಾತ್ರ ‘ಟಿ-ಎಚ್’. ಹಳೇ ಮೈಸೂರು ಮತ್ತು ಮದ್ರಾಸು ಕಡೆಯವರು ‘ಟ’ಕ್ಕೆ ‘ಟಿ’, ‘ತ’ಕ್ಕೆ ‘ಟಿ-ಎಚ್’ ಹಾಕಿದರು. ಅಲ್ಲಿ ಅದೇ ಹುಡುಗಿಯರು ‘ಟಿ-ಎಚ್-ಎ’ ಆದರು. ಹಾಗೆಯೇ ಹೆಸರಿನ ಕೊನೆಯ ‘ಅ’ಕಾರವನ್ನು ನಮ್ಮವರು ಇಂಗ್ಲಿಷಿನಲ್ಲಿ ಬಿಡುತ್ತಾರೆ. ಬಸವರಾಜ, ಶಿವಾನಂದ, ಮಲ್ಲಿಕಾರ್ಜುನ ಇವು ಇಲ್ಲಿ ‘ಜೆ’, ‘ಡಿ’, ‘ಎನ್’ನಲ್ಲಿ ಮುಗಿಯುತ್ತವೆ, ದಕ್ಷಿಣದಲ್ಲಿ ಕೊನೆಗೊಂದು ‘ಎ’ ಸೇರುತ್ತದೆ. ‘ಕ್ಷ’ಕ್ಕೆ ಅಲ್ಲಿ ‘ಕೆ-ಎಸ್-ಎಚ್’, ಇಲ್ಲಿ ‘ಎಕ್ಸ್’. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಇಂಗ್ಲಿಷ್ ಹೆಸರಿನಲ್ಲೇ ಆ ಎಕ್ಸ್ ಇದೆ. ಬೇರೆ ಕಡೆಯ ರೂಢಿ ಕೈಗೆ ಹತ್ತಿದವರು ಟೈಪ್ ಮಾಡಿದಾಗ, ಅಥವಾ ಯಂತ್ರವೇ ಕನ್ನಡದಿಂದ ಇಂಗ್ಲಿಷಿಗೆ ಲಿಪಿ ಬದಲಿಸಿದಾಗ, ಒಂದು ‘ಎಚ್’ ಹೊಕ್ಕುಬಿಡುತ್ತದೆ.

ಈಗ ಕೆಲಸಕ್ಕೆ ಬರೋಣ. ಅಂಕಪಟ್ಟಿಯನ್ನೇ ಆಧಾರವಾಗಿ ಹಿಡಿಯಿರಿ. ಪಿಯುಸಿ, ಪದವಿ, ನೌಕರಿ ಅರ್ಜಿ ಎಲ್ಲವೂ ಅದರ ಹಿಂದೆ ಹೋಗುತ್ತವೆ, ಅದನ್ನು ತಿದ್ದಿಸುವುದು ಶಾಲೆ ಮತ್ತು ಪರೀಕ್ಷಾ ಮಂಡಳಿಯ ಮೂಲಕ ಆಗಬೇಕಾದ ಉದ್ದನೆಯ ಕೆಲಸ. ಆಧಾರ್ ತಿದ್ದಿಸುವುದು ಸುಲಭ, ಆದರೆ ಹೆಸರನ್ನು ಜೀವಮಾನದಲ್ಲಿ 2 ಸಲ ಮಾತ್ರ, ಹುಟ್ಟಿದ ದಿನಾಂಕವನ್ನು 1 ಸಲ ಮಾತ್ರ ಬದಲಿಸಬಹುದು. ಮದುವೆಯ ನಂತರ ಅಡ್ಡಹೆಸರು ಬದಲಿಸುವ ಯೋಚನೆಯಿದ್ದರೆ ಒಂದು ಅವಕಾಶ ಅದಕ್ಕೆ ಉಳಿಯಬೇಕು. ಆದ್ದರಿಂದ ಈಗ ತಿದ್ದಿಸುವಾಗ ಸ್ಪೆಲ್ಲಿಂಗ್, ಇನಿಷಿಯಲ್ ಹಿಂದೋ ಮುಂದೋ, ತಂದೆಯ ಹೆಸರು ಸೇರಬೇಕೋ ಬೇಡವೋ ಎಲ್ಲವನ್ನೂ ಒಂದೇ ಸಲಕ್ಕೆ ಅಂಕಪಟ್ಟಿಯಂತೆ ಮಾಡಿಸಿ.

ಆಧಾರ್ ಕೇಂದ್ರದಲ್ಲಿ ಒಪ್ಪುವ ದಾಖಲೆಗಳ ಪಟ್ಟಿ ನೋಡಿ, ಅದರಲ್ಲಿ ‘ಟಿ-ಎ’ ಎಂದೇ ಇರುವ ದಾಖಲೆಯನ್ನು ಒಯ್ಯಿರಿ. ಆಪರೇಟರ್ ಟೈಪ್ ಮಾಡಿದ ಮೇಲೆ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಕೇಳಿ, ಇಂಗ್ಲಿಷ್ ಮತ್ತು ಕನ್ನಡ ಎರಡು ಸಾಲನ್ನೂ ಓದಿ. ಇಂಗ್ಲಿಷ್ ತಿದ್ದಿದಾಗ ಕನ್ನಡದ ಸಾಲು ತಾನಾಗಿ ಬದಲಾಗಿ ‘ಸವಿತಾ’ ಹೋಗಿ ‘ಸವಿಟ’ ಆಗುವುದುಂಟು. ಸ್ವೀಕೃತಿ ಚೀಟಿಯ ಮೇಲೂ ಅದೇ ಅಕ್ಷರಗಳಿವೆಯೇ ನೋಡಿ ಸಹಿ ಮಾಡಿ. ಆಧಾರ್ ಸರಿಯಾದ ಮೇಲೆ ಪ್ಯಾನ್, ನಂತರ ಬ್ಯಾಂಕು. ಪ್ಯಾನ್ ಮತ್ತು ಆಧಾರ್ ಜೋಡಣೆ ನಿಂತುಹೋಗುವುದು ಹೆಚ್ಚಾಗಿ ಹೆಸರು, ಹುಟ್ಟಿದ ದಿನಾಂಕ, ಲಿಂಗ ಈ ಮೂರರಲ್ಲಿ ಒಂದು ಹೊಂದದೇ ಇದ್ದಾಗ.

ಅಂದಹಾಗೆ, ‘ಆಧಾರ್’ ಎಂಬ ಹೆಸರನ್ನೇ ಬಹಳ ಅರ್ಜಿಗಳಲ್ಲಿ ತಪ್ಪಾಗಿ ಬರೆದಿರುತ್ತಾರೆ. ಅಧಿಕೃತ ಬರಹ ಎ-ಎ-ಡಿ-ಎಚ್-ಎ-ಎ-ಆರ್. ಎರಡು ಕಡೆಯೂ ಜೋಡಿ ‘ಎ’, ಒಟ್ಟು 7 ಅಕ್ಷರ.

ಪ್ರಶ್ನೆ: ರಜೆ ಅರ್ಜಿಯಲ್ಲಿ ‘ಕ್ಯಾಶುಯಲ್ ಲೀವ್’ ಬರೆಯುವಾಗ ‘ಯು’ ಮೊದಲೋ ‘ಎಸ್’ ಮೊದಲೋ?
— ಶಿಕ್ಷಕಿ, ಹಾನಗಲ್ಲ

ಉತ್ತರ: ‘ಎಸ್’ ಮೊದಲು: ಸಿ-ಎ-ಎಸ್-ಯು-ಎ-ಎಲ್. ‘ಯು’ ಮುಂದೆ ಬಂದರೆ ‘ಕಾಸಲ್’ ಆಗಿ, ‘ಕಾರಣಕ್ಕೆ ಸಂಬಂಧಿಸಿದ’ ಎಂದರ್ಥವಾಗುತ್ತದೆ. ಇದು ‘ಕಾಸ್’, ಅಂದರೆ ಕಾರಣ ಎಂಬ ಶಬ್ದದಿಂದ ಬಂದದ್ದು. ಇದನ್ನೂ ಸ್ಪೆಲ್‌ಚೆಕ್ ಹಿಡಿಯುವುದಿಲ್ಲ.

ಪ್ರಶ್ನೆ: ನಮ್ಮದು ಮೆಣಸಿನಕಾಯಿ ಪುಡಿ ಪ್ಯಾಕ್ ಮಾಡುವ ಸಣ್ಣ ಘಟಕ. ಲೇಬಲ್ಲಿಗೆ ‘ಚಿಲ್ಲಿ’ ಎಂದು ಮೂರ್ನಾಲ್ಕು ತರಹ ಬರೆದದ್ದು ನೋಡಿದ್ದೇವೆ. ಹೊರದೇಶಕ್ಕೂ ಕಳಿಸುವ ವಿಚಾರವಿದೆ. ಯಾವುದನ್ನು ಅಚ್ಚು ಹಾಕಿಸಬೇಕು?
— ವ್ಯಾಪಾರಿಗಳು, ಬ್ಯಾಡಗಿ

ಉತ್ತರ: ಕಿವಿಗೆ ಹೆಚ್ಚುಕಡಿಮೆ ಒಂದೇ ಕೇಳಿಸುವ ನಾಲ್ಕು ಬರಹಗಳಿವೆ, ನಾಲ್ಕಕ್ಕೂ ಬೇರೆ ಬೇರೆ ಬಳಕೆ.

ಭಾರತ, ಬ್ರಿಟನ್, ಆಸ್ಟ್ರೇಲಿಯಾ ಕಡೆಗೆ ಸಿ-ಎಚ್-ಐ-ಎಲ್-ಎಲ್-ಐ, ಎರಡು ‘ಎಲ್’, ಕೊನೆಗೆ ‘ಐ’. ಬಹುವಚನಕ್ಕೆ ಇನ್ನು ‘ಇ-ಎಸ್’ ಸೇರುತ್ತದೆ. ನಮ್ಮ ಸಾಂಬಾರ ಮಂಡಳಿ ಬಳಸುವುದೂ ಇದನ್ನೇ. ಅಮೆರಿಕದಲ್ಲಿ ಒಂದೇ ‘ಎಲ್’: ಸಿ-ಎಚ್-ಐ-ಎಲ್-ಐ. ಕೊನೆಗೆ ‘ಇ’ ಹಾಕಿದ ಸಿ-ಎಚ್-ಐ-ಎಲ್-ಇ ದೊಡ್ಡಕ್ಷರದಿಂದ ಶುರುವಾದರೆ ದಕ್ಷಿಣ ಅಮೆರಿಕದ ಚಿಲಿ ದೇಶ, ಸಣ್ಣಕ್ಷರದಲ್ಲಿದ್ದರೆ ಅಮೆರಿಕದ ನ್ಯೂ ಮೆಕ್ಸಿಕೊ ಕಡೆಯವರು ಮೆಣಸಿನಕಾಯಿಗೆ ಬರೆಯುವ ರೂಪ. ಮೆಣಸಿನಕಾಯಿಯ ಹೆಸರು ಬಂದದ್ದು ಮೆಕ್ಸಿಕೊದ ನಾವಾಟಲ್ ಭಾಷೆಯಿಂದ, ದೇಶದ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಕೊನೆಗೆ ‘ವೈ’ ಹಾಕಿದ ಸಿ-ಎಚ್-ಐ-ಎಲ್-ಎಲ್-ವೈ ಅಂದರೆ ನಡುಗಿಸುವ ಚಳಿ. ಕಿರಾಣಿ ಅಂಗಡಿಗಳ ಪಟ್ಟಿಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಖಾರದ ಪುಡಿಯ ಪೊಟ್ಟಣದ ಮೇಲೆ ‘ಚಳಿ ಪುಡಿ’ ಎಂದು ಅಚ್ಚಾಗಬಾರದು.

ಅಮೆರಿಕಕ್ಕೆ ಕಳಿಸುವುದಾದರೆ ಒಂದು ‘ಎಲ್’ ತೆಗೆದರಷ್ಟೇ ಸಾಲದು. ಅಲ್ಲಿ ‘ಚಿಲಿ ಪೌಡರ್’ ಎಂದರೆ ಸಾಮಾನ್ಯವಾಗಿ ಜೀರಿಗೆ, ಬೆಳ್ಳುಳ್ಳಿ, ಒರೆಗಾನೊ ಬೆರೆಸಿದ ಮಸಾಲೆ. ಬರೀ ‘ಚಿಲಿ’ ಎಂದರೆ ಮಾಂಸ, ಬೀನ್ಸ್ ಹಾಕಿ ಕುದಿಸಿದ ಒಂದು ಪದಾರ್ಥ. ಶುದ್ಧ ಮೆಣಸಿನಕಾಯಿ ಪುಡಿ ಎಂದು ಕೊಳ್ಳುವವನಿಗೆ ತಿಳಿಯಬೇಕಾದರೆ ‘ಗ್ರೌಂಡ್ ಚಿಲಿ ಪೆಪ್ಪರ್’ ಎಂಬಂತೆ ಹೆಸರಿಸಿ, ಘಟಕಾಂಶಗಳ ಸಾಲಿನಲ್ಲಿ ಮೆಣಸಿನಕಾಯಿ ಒಂದನ್ನೇ ಬರೆಯಿರಿ. ಬ್ಯಾಡಗಿ ಕಾಯಿ ಮಾರಾಟವಾಗುವುದೇ ಕಡಿಮೆ ಖಾರ, ಹೆಚ್ಚು ಬಣ್ಣಕ್ಕೆ. ಜೀರಿಗೆ ಮಸಾಲೆ ಎಂದು ತಿಳಿದು ಕೊಂಡವರು ನಿರಾಶರಾದರೆ ಮಾಲಿನ ತಪ್ಪಲ್ಲ, ಹೆಸರಿನ ತಪ್ಪು.

ಬಣ್ಣದ ವಿಷಯದಲ್ಲೂ ಎರಡು ಬರಹ ಎದುರಾಗುತ್ತವೆ. ಮೆಣಸಿನಕಾಯಿಯ ಬಣ್ಣ ಅಳೆಯುವ ‘ಆಸ್ಟಾ’ ಮಾನ ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ್ದು, ಆದ್ದರಿಂದ ಪರೀಕ್ಷಾ ವರದಿಯಲ್ಲಿ ‘ಕಲರ್’ ಶಬ್ದಕ್ಕೆ ‘ಯು’ ಇರದೇ ಬರಬಹುದು. ಅಮೆರಿಕದ ಲೇಬಲ್ಲಿಗೆ ಅದು ಸರಿ. ಇಲ್ಲಿಯ ಲೇಬಲ್ಲಿಗೆ ‘ಯು’ ಸೇರಿಸಿ. ಒಂದೇ ಲೇಬಲ್ಲಿನಲ್ಲಿ ಎರಡು ‘ಎಲ್’ ಇರುವ ಚಿಲ್ಲಿಯ ಪಕ್ಕ ‘ಯು’ ಇಲ್ಲದ ಕಲರ್ ಬಂದರೆ ಯಾವ ದೇಶದ ರೂಢಿಗೂ ಸೇರದು.

ಕೊನೆಯದು ನಿಮ್ಮ ಊರಿನ ಹೆಸರು. ಊರನ್ನು ಇಂಗ್ಲಿಷಿನಲ್ಲಿ ‘ಡಿ’ ಆದ ಕೂಡಲೇ ‘ಜಿ’ ಹಾಕಿ ಬರೆಯುವುದು ರೂಢಿ. 2011ರಲ್ಲಿ ಭೌಗೋಳಿಕ ಸೂಚಕವಾಗಿ (ಊರಿನ ಹೆಸರಿನಿಂದ ಪ್ರಸಿದ್ಧವಾದ ಮಾಲಿಗೆ ಕಾನೂನು ಕೊಡುವ ಗುರುತು, ಜಿಐ) ನೋಂದಣಿಯಾದ ಮೆಣಸಿನಕಾಯಿಯ ಹೆಸರಿನಲ್ಲಿ ‘ಡಿ’ ಮತ್ತು ‘ಜಿ’ ನಡುವೆ ಒಂದು ‘ಎ’ ಇದೆ: ಬಿ-ವೈ-ಎ-ಡಿ-ಎ-ಜಿ-ಐ. ವಿಳಾಸದಲ್ಲಿ ಮೊದಲನೆಯದು, ಭೌಗೋಳಿಕ ಸೂಚಕದ ಹೆಸರು ಬಳಸುವಲ್ಲಿ ಎರಡನೆಯದು. ಆ ಸೂಚಕದ ಹೆಸರು ಮತ್ತು ಗುರುತನ್ನು ಲೇಬಲ್ಲಿಗೆ ಹಾಕುವ ಮೊದಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ.

ಪ್ರಶ್ನೆ: ನೌಕರಿಯ ಅರ್ಜಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಹೆಸರು ಬರೆಯುವಾಗ ಕೊನೆಗೆ ‘ಎ’ ಹಾಕಬೇಕೇ? ಹುಬ್ಬಳ್ಳಿ, ಧಾರವಾಡಗಳನ್ನೂ ಹಳೆಯ ರೀತಿ ಬರೆದರೆ ನಡೆಯುತ್ತದೆಯೇ?
— ಪದವೀಧರ, ಧಾರವಾಡ

ಉತ್ತರ: ಹಾಕಬಾರದು. ಧಾರವಾಡದ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಕೆ-ಎ-ಆರ್-ಎನ್-ಎ-ಟಿ-ಎ-ಕೆ, 8 ಅಕ್ಷರ. ರಾಜ್ಯದ ಹೆಸರು ಕೊನೆಗೊಂದು ‘ಎ’ ಸೇರಿ 9 ಅಕ್ಷರ. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ, ಆಗ ಈ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಮೇಲೆ ಹೇಳಿದ ‘ಕೊನೆಯ ಅಕಾರ ಬಿಡುವ’ ರೂಢಿಯಂತೆಯೇ ಹೆಸರಿಟ್ಟರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಂದರೆ ವಿಶ್ವವಿದ್ಯಾಲಯದ ಹೆಸರು ರಾಜ್ಯದ ಹೆಸರಿಗಿಂತ 24 ವರ್ಷ ಹಳೆಯದು, ಅದನ್ನು ಇದರಂತೆ ತಿದ್ದುವ ಅಗತ್ಯ ಯಾರಿಗೂ ಬಂದಿಲ್ಲ. ಅರ್ಜಿಯ ಪಟ್ಟಿಯಲ್ಲಿ ‘ಕರ್ನಾಟಕ ಸ್ಟೇಟ್’ ಎಂದು ಶುರುವಾಗುವ ಬೇರೆ ವಿಶ್ವವಿದ್ಯಾಲಯಗಳ ಸಾಲೇ ಇರುತ್ತದೆ. ಅವಸರದಲ್ಲಿ ಅದನ್ನು ಒತ್ತಿದರೆ ದಾಖಲೆ ಪರಿಶೀಲನೆಯ ದಿನ ಪ್ರಮಾಣಪತ್ರಕ್ಕೂ ಅರ್ಜಿಗೂ ತಾಳೆಯಾಗುವುದಿಲ್ಲ. ಸಂಗೀತದ ‘ಕರ್ನಾಟಕ’ ಇನ್ನೂ ಬೇರೆ, ಅದು ‘ಸಿ’ಯಿಂದ ಶುರುವಾಗಿ ‘ಐ-ಸಿ’ಯಲ್ಲಿ ಮುಗಿಯುತ್ತದೆ.

ಹುಬ್ಬಳ್ಳಿಯ ಮಾತು. 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ಬದಲಾದವು, ಹುಬ್ಬಳ್ಳಿ ಅದರಲ್ಲಿ ಒಂದು. ಈಗ ಎಚ್-ಯು-ಬಿ-ಬಿ-ಎ-ಎಲ್-ಎಲ್-ಐ. ಒಂದು ‘ಬಿ’ ಅಥವಾ ಒಂದು ‘ಎಲ್’ ಬಿಟ್ಟು ಬರೆದವೇ ಹೆಚ್ಚು ಕಾಣುತ್ತವೆ. ಕನ್ನಡದಲ್ಲಿ ‘ಬ್ಬ’ ಒಂದು ಒತ್ತು, ‘ಳ್ಳ’ ಇನ್ನೊಂದು ಒತ್ತು, ಎರಡು ಒತ್ತಿಗೆ ಎರಡು ಜೋಡಿ ಎಂದುಕೊಂಡರೆ ತಪ್ಪುವುದಿಲ್ಲ. ಈಗಿನ ವಿಳಾಸಕ್ಕೆ ಹೊಸ ಬರಹ. ಆದರೆ ಹಳೆಯ ಖರೀದಿಪತ್ರ, ಜನನ ಪ್ರಮಾಣಪತ್ರ, ನೋಂದಾಯಿತ ಸಂಸ್ಥೆಯ ಹೆಸರು ಇವುಗಳಲ್ಲಿ 5 ಅಕ್ಷರದ ಹಳೆಯ ಹೆಸರಿದ್ದರೆ, ಅವನ್ನು ಉಲ್ಲೇಖಿಸುವಾಗ ಇದ್ದಂತೆಯೇ ಬರೆಯಿರಿ. ರೈಲ್ವೆಯ ಸಂಕೇತವೂ ಹಳೆಯದೇ: ಯು-ಬಿ-ಎಲ್. ನಿಲ್ದಾಣಕ್ಕೆ ಈಗ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿದ್ದರೂ ಟಿಕೆಟ್ ಹುಡುಕುವಾಗ ಈ ಮೂರಕ್ಷರ ಒತ್ತಿದರೆ ಸಾಕು. ‘ಎಚ್’ನಿಂದ ಹುಡುಕುವವರು ಗಮನಿಸಬೇಕು.

ಧಾರವಾಡ 2014ರ ಪಟ್ಟಿಯಲ್ಲಿ ಇರಲಿಲ್ಲ, ಏಕೆಂದರೆ ಅದಕ್ಕೂ ಮೊದಲೇ ಅದರ ಕೊನೆಯ ‘ಆರ್’ ಹೋಗಿ ‘ಡಿ’ ಬಂದಿತ್ತು. ನಾಲಗೆ ಮಡಿಸಿ ನುಡಿಯುವ ನಮ್ಮ ‘ಡ’ ಬ್ರಿಟಿಷರ ಕಿವಿಗೆ ‘ರ’ದ ಹತ್ತಿರ ಕೇಳಿಸುತ್ತಿತ್ತು, ಅವರ ಗೆಜೆಟಿಯರ್‌ಗಳಲ್ಲಿ ಊರು ‘ಧಾರ್ವಾರ್’ ಆಗಿದೆ. ಆ ‘ಆರ್’ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಭೂವಿಜ್ಞಾನದಲ್ಲಿ. ದಕ್ಷಿಣ ಭಾರತದ ಅತಿ ಹಳೆಯ ಶಿಲಾಸ್ತರಗಳಿಗೆ ‘ಧಾರ್ವಾರ್ ಕ್ರೇಟಾನ್’, ‘ಧಾರ್ವಾರ್ ಸೂಪರ್‌ಗ್ರೂಪ್’ ಎಂದೇ ಜಗತ್ತಿನಾದ್ಯಂತ ಹೆಸರು, ಗದಗಿನ ಚಿನ್ನದ ಶಿಲಾಪಟ್ಟಿಯೂ ಅದರೊಳಗಿನದು. ಭೂವಿಜ್ಞಾನದ ಪ್ರಬಂಧ ಟೈಪ್ ಮಾಡುವವರು ಅದನ್ನು ತಪ್ಪೆಂದು ತಿಳಿದು ‘ಡಿ’ ಮಾಡಬೇಡಿ. ಅಲ್ಲಿ ‘ಆರ್’ ಇರುವುದೇ ದಾಖಲಾದ ಹೆಸರು.

ಪ್ರಶ್ನೆ: ಬ್ಯಾಂಕಿನ ಸಾಲದ ಪತ್ರದಲ್ಲಿ ‘ಪ್ರಿನ್ಸಿಪಲ್’ ಎರಡು ಕಡೆ ಎರಡು ರೀತಿ ಇದೆ. ಯಾವುದೋ ಒಂದು ತಪ್ಪಿರಬೇಕಲ್ಲವೇ?
— ಟ್ರ್ಯಾಕ್ಟರ್ ಸಾಲಗಾರರು, ನವಲಗುಂದ

ಉತ್ತರ: ಎರಡೂ ಸರಿ ಇರಬಹುದು. ಕೊನೆಗೆ ‘ಪಿ-ಎ-ಎಲ್’ ಇದ್ದರೆ ಅಸಲು. ‘ಪಿ-ಎಲ್-ಇ’ ಇದ್ದರೆ ತತ್ವ ಅಥವಾ ನಿಯಮ. ಸಾಲದ ಮೊದಲ ಪತ್ರದಲ್ಲಿ ‘ಇನ್ ಪ್ರಿನ್ಸಿಪಲ್ ಸ್ಯಾಂಕ್ಷನ್’ ಎಂದಿದ್ದರೆ ಅದು ತಾತ್ವಿಕ ಒಪ್ಪಿಗೆ, ‘ಎಲ್-ಇ’ ಸರಿ. ಕಂತಿನ ಪಟ್ಟಿಯಲ್ಲಿ ಬಡ್ಡಿಯ ಪಕ್ಕದ ಕಾಲಂ ಅಸಲು, ಅಲ್ಲಿ ‘ಎ-ಎಲ್’ ಸರಿ. ಇಲ್ಲಿ ಅಕ್ಷರಕ್ಕಿಂತ ಅರ್ಥದ ವ್ಯತ್ಯಾಸ ನಿಮಗೆ ಮುಖ್ಯ. ತಾತ್ವಿಕ ಒಪ್ಪಿಗೆ ಎಂದರೆ ಸಾಲ ಮಂಜೂರಾಯಿತು ಎಂದಲ್ಲ. ದಾಖಲೆಗಳ ಪರಿಶೀಲನೆ ಇನ್ನೂ ಬಾಕಿ ಇರುತ್ತದೆ, ಆ ಪತ್ರ ನಂಬಿ ಡೀಲರಿಗೆ ಮುಂಗಡ ಕೊಟ್ಟು ಕೂಡಬೇಡಿ.

ಗುರುತಿಗೆ ಹೀಗೆ ಇಟ್ಟುಕೊಳ್ಳಿ: ಅಸಲಿಗೆ ‘ಎ’, ರೂಲಿಗೆ ‘ಎಲ್-ಇ’. ರೂಲ್ ಶಬ್ದವೂ ‘ಎಲ್-ಇ’ಯಲ್ಲೇ ಮುಗಿಯುತ್ತದೆ. ಕಾಲೇಜಿನ ಪ್ರಾಚಾರ್ಯರು ಅಸಲಿನ ಕಡೆಯವರು, ‘ಎ’. ವಿಜ್ಞಾನದ ಆರ್ಕಿಮಿಡೀಸ್ ತತ್ವ ರೂಲಿನ ಕಡೆಯದು.

ಪ್ರಶ್ನೆ: ಮುದ್ರಣದಲ್ಲಿ ನಮಗೆ ಪದೇಪದೇ ಕಾಡುವವು ಎರಡು: ‘ಕ್ಯಾಲೆಂಡರ್’ ಮತ್ತು ಲಗ್ನಪತ್ರಿಕೆಯ ಕೆಳಗಿನ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’. ಗಿರಾಕಿ ಕೊಟ್ಟಂತೆ ಹಾಕಿದರೆ ಬೈಗುಳ, ತಿದ್ದಿದರೂ ಬೈಗುಳ.
— ಮುದ್ರಕರು, ಗದಗ-ಬೆಟಗೇರಿ

ಉತ್ತರ: ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ‘ಡಿ-ಎ-ಆರ್’ನಲ್ಲಿ ಮುಗಿಯುತ್ತದೆ. ಸೋಮವಾರ, ಮಂಗಳವಾರ ತೋರಿಸುವುದು ಅದು, ‘ವಾರ್’ ಎಂಬ ಸದ್ದಿನಲ್ಲೇ ಆ ‘ಎ-ಆರ್’ ಇದೆ. ‘ಡಿ-ಇ-ಆರ್’ನಲ್ಲಿ ಮುಗಿಯುವ ಶಬ್ದವೂ ನಿಮ್ಮ ವೃತ್ತಿಗೆ ಹತ್ತಿರದ್ದೇ: ಬಟ್ಟೆ ಅಥವಾ ಕಾಗದವನ್ನು ಉರುಳೆಗಳ ನಡುವೆ ಒತ್ತಿ ನುಣುಪು ಮಾಡುವ ಯಂತ್ರ. ಅದು ‘ಸಿಲಿಂಡರ್’ ಎಂಬ ಶಬ್ದದ ಬಳಗ, ಸಿಲಿಂಡರ್ ಕೂಡ ‘ಇ-ಆರ್’. ನೇಕಾರಿಕೆಯ ಬೆಟಗೇರಿಯಲ್ಲಿ ಬಟ್ಟೆಗೆ ಕ್ಯಾಲೆಂಡರಿಂಗ್ ಮಾಡಿಸಿದ ಬಿಲ್ಲಿನಲ್ಲಿ ‘ಇ’ ಕಂಡರೆ ಅದು ತಪ್ಪಲ್ಲ.

ಕಾಂಪ್ಲಿಮೆಂಟ್ಸ್ ವಿಷಯದಲ್ಲಿ ಲಗ್ನಪತ್ರಿಕೆಗೆ ಬೇಕಾದದ್ದು ‘ಪಿ-ಎಲ್’ ಆದಮೇಲೆ ‘ಐ’. ಅದು ಶುಭಾಶಯ, ಹೊಗಳಿಕೆ, ಗೌರವದ ಕೊಡುಗೆ. ‘ಇ’ ಹಾಕಿದರೆ ‘ಪೂರಕ’ ಎಂದಾಗುತ್ತದೆ. ಪೂರ್ಣಕ್ಕೆ ‘ಕಂಪ್ಲೀಟ್’, ಪೂರಕಕ್ಕೆ ‘ಕಾಂಪ್ಲಿಮೆಂಟ್’, ಕನ್ನಡದಲ್ಲಿ ಈ ಎರಡು ಹೇಗೆ ಅಕ್ಕತಂಗಿಯರೋ ಇಂಗ್ಲಿಷಿನಲ್ಲೂ ಹಾಗೆಯೇ, ಎರಡರಲ್ಲೂ ‘ಪಿ-ಎಲ್-ಇ’. ಗಣಿತದಲ್ಲಿ ಕೂಡಿದರೆ 90 ಡಿಗ್ರಿ ಆಗುವ ಪೂರಕ ಕೋನಗಳು ‘ಇ’. ನಾಟಕದ ಬಿಟ್ಟಿ ಪಾಸು, ಲೇಖಕರಿಗೆ ಕೊಡುವ ಗೌರವಪ್ರತಿ ಇವು ‘ಐ’.

ಬೈಗುಳ ತಪ್ಪಿಸಲು ಮಾಡಬೇಕಾದದ್ದು ಇಷ್ಟು. ಶಬ್ದದ ತಪ್ಪನ್ನು ನೀವೇ ತಿದ್ದಿ, ಗಿರಾಕಿಗೆ ತಿಳಿಸಿ. ಹೆಸರಿನ ಸ್ಪೆಲ್ಲಿಂಗನ್ನು ಮಾತ್ರ ನೀವಾಗಿ ಮುಟ್ಟಬೇಡಿ. ಲಕ್ಷ್ಮಿಗೆ ‘ಎಕ್ಸ್’ ಇದ್ದರೆ ‘ಎಕ್ಸ್’ ಇರಲಿ. ವರ-ವಧುವಿನ ಹೆಸರನ್ನು ಗಿರಾಕಿಯ ಕೈಯಿಂದಲೇ ಬಿಡಿಬಿಡಿ ದೊಡ್ಡಕ್ಷರದಲ್ಲಿ ಬರೆಸಿಕೊಂಡು ಸಹಿ ಹಾಕಿಸಿ. ಮೊದಲ ಪ್ರೂಫನ್ನು ಸಾದಾ ಫಾಂಟಿನಲ್ಲಿ ಕೊಡಿ. ಬಳ್ಳಿಯಂತೆ ಹೆಣೆದ ಅಲಂಕಾರದ ಫಾಂಟಿನಲ್ಲಿ ಸಣ್ಣ ‘ಇ’ ಮತ್ತು ‘ಐ’ ಒಂದೇ ತರಹ ಕಾಣುತ್ತವೆ, ಈ ತಪ್ಪು ಕಣ್ಣು ತಪ್ಪಿಸುವುದು ಅಲ್ಲೇ. ಪ್ರೂಫನ್ನು ಇಬ್ಬರು ಕೂಡಿ ನೋಡಬೇಕು: ಒಬ್ಬರು ಮೂಲದಿಂದ ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಲಿ, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ಹೋಗಲಿ. ಎರಡನೇ ಸಲ ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಮೇಲಿನಿಂದ ಓದುವಾಗ ಮನಸ್ಸು ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ, ತಿರುಗಿ ಓದುವಾಗ ತುಂಬಿಕೊಳ್ಳಲಾರದು. ತಾರೀಖಿಗೂ ವಾರಕ್ಕೂ ತಾಳೆ ನೋಡಿ.

ಆಫ್‌ಸೆಟ್ಟಿನಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು. ಹೆಸರು, ತಾರೀಖು, ವಿಳಾಸ ಇವನ್ನೆಲ್ಲ ಅಪ್ಪಟ ಕಪ್ಪಿನಲ್ಲಿ, ಅಂದರೆ ಕಪ್ಪು ಪ್ಲೇಟಿನ ಮೇಲೆ ಮಾತ್ರ ಬರುವಂತೆ ಇಟ್ಟರೆ, ಕೊನೆಗಳಿಗೆಯಲ್ಲಿ ಒಂದಕ್ಷರ ತಿದ್ದಬೇಕಾದರೂ ಒಂದೇ ಪ್ಲೇಟು ಬದಲಿಸಿದರಾಯಿತು. ಅಕ್ಷರಕ್ಕೆ ನಾಲ್ಕು ಬಣ್ಣ ಬೆರೆಸಿದ್ದರೆ ನಾಲ್ಕೂ ಹೋದವು. ಚಿನ್ನದ ಫಾಯಿಲ್ ಒತ್ತುವ ಭಾಗದಲ್ಲಿ ಹೆಸರಿದ್ದರೆ ಬ್ಲಾಕ್ ಮಾಡಿಸುವ ಮೊದಲೇ ಸಹಿ ಆಗಿರಬೇಕು.

ಪ್ರಶ್ನೆ: ವಿಸಿಟಿಂಗ್ ಕಾರ್ಡಿನಲ್ಲಿ ‘ಪ್ರ್ಯಾಕ್ಟಿಸಿಂಗ್ ಅಡ್ವೊಕೇಟ್’ ಎಂದು ಹಾಕಿಸುವೆ. ನಡುವೆ ‘ಸಿ’ಯೋ ‘ಎಸ್ಸೋ’?
— ಕಿರಿಯ ವಕೀಲರು, ಧಾರವಾಡ

ಉತ್ತರ: ‘ಎಸ್’. ನಮ್ಮಲ್ಲಿ ನಡೆಯುವ ಬ್ರಿಟಿಷ್ ರೂಢಿಯಲ್ಲಿ ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’. ‘ಅಡ್ವೈಸ್’ ಅಂದರೆ ಸಲಹೆ, ‘ಸಿ’. ‘ಅಡ್ವೈಝ್’ ಅಂದರೆ ಸಲಹೆ ಕೊಡು, ‘ಎಸ್’. ಇಲ್ಲಿ ಸದ್ದೇ ಬೇರೆಯಾಗುವುದರಿಂದ ತಪ್ಪುವುದಿಲ್ಲ, ಇದನ್ನೇ ಅಳತೆಗೋಲಾಗಿ ಹಿಡಿದರೆ ಪ್ರ್ಯಾಕ್ಟಿಸ್, ಲೈಸೆನ್ಸ್ ಎರಡೂ ಬಗೆಹರಿಯುತ್ತವೆ. ಜೇಬಿನಲ್ಲಿರುವ ಡ್ರೈವಿಂಗ್ ಲೈಸೆನ್ಸ್ ವಸ್ತು, ‘ಸಿ’. ಅಮೆರಿಕದವರು ಪ್ರ್ಯಾಕ್ಟಿಸ್‌ಗೆ ಎರಡು ಕಡೆಯೂ ‘ಸಿ’, ಲೈಸೆನ್ಸಿಗೆ ಎರಡು ಕಡೆಯೂ ‘ಎಸ್’ ಹಾಕುತ್ತಾರೆ. ಫೋನು, ಕಂಪ್ಯೂಟರಿನ ಭಾಷೆ ಅಮೆರಿಕದ್ದಿದ್ದರೆ ನಿಮ್ಮ ಸರಿಯನ್ನೂ ಕೆಂಪು ಮಾಡಿ ತೋರಿಸುತ್ತದೆ.

ನಿಮ್ಮ ವೃತ್ತಿಯ ಇನ್ನೆರಡು: ವಕೀಲ ಎಂಬರ್ಥದ ‘ಕೌನ್ಸೆಲ್’ ‘ಎಸ್-ಇ-ಎಲ್’, ಬಾರ್ ಕೌನ್ಸಿಲ್ ‘ಸಿ-ಐ-ಎಲ್’. ತೀರ್ಪು ಎಂಬರ್ಥದ ಜಡ್ಜ್‌ಮೆಂಟ್‌ನಲ್ಲಿ ‘ಜಿ’ ಆದಮೇಲೆ ‘ಇ’ ಹಾಕದಿರುವುದು ನ್ಯಾಯಾಲಯದ ರೂಢಿ.

ಪ್ರಶ್ನೆ: ಬೆಳೆ ಹಾನಿಯ ಅರ್ಜಿಯಲ್ಲಿ ಮಳೆಯಿಂದ ಬೆಳೆ ‘ಎಫೆಕ್ಟ್’ ಆಗಿದೆ ಎಂದು ಬರೆಯಲು ಮೊದಲಕ್ಷರ ಯಾವುದು?
— ರೈತರು, ಸವಣೂರು

ಉತ್ತರ: ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಅದು ನಿಮ್ಮ ಹಕ್ಕು. ಇಂಗ್ಲಿಷೇ ಬೇಕಾದರೆ ‘ಎ’: ಅಫೆಕ್ಟೆಡ್ ಅಂದರೆ ತೊಂದರೆಗೊಳಗಾದದ್ದು. ‘ಇ’ಯಿಂದ ಶುರುವಾಗುವುದು ಪರಿಣಾಮ ಎಂಬ ನಾಮಪದ, ಅದನ್ನೇ ಕ್ರಿಯಾಪದ ಮಾಡಿದರೆ ‘ಆಗುವಂತೆ ಮಾಡು’ ಎಂದಾಗುತ್ತದೆ. ಆಗ ನಿಮ್ಮ ವಾಕ್ಯ ‘ಮಳೆ ಬೆಳೆಯನ್ನು ಉಂಟುಮಾಡಿತು’ ಎಂದು ತಿರುಗಿ ನಿಲ್ಲುತ್ತದೆ! ಸರ್ಕಾರಿ ಆದೇಶಗಳಲ್ಲಿ ‘ಇಂಥ ತಾರೀಖಿನಿಂದ ಜಾರಿ’ ಎನ್ನುವಲ್ಲಿ ಮಾತ್ರ ‘ಇ’. ಸರ್ವೆ ನಂಬರು, ಹಾನಿಯಾದ ಎಕರೆ-ಗುಂಟೆ ಎರಡನ್ನೂ ಅಂಕಿಯಲ್ಲಿ, ಅಕ್ಷರದಲ್ಲಿ ಬರೆಯಿರಿ.

ಪ್ರಶ್ನೆ: ಹತ್ತಿ ಅಂಡಿಗೆಗೂ ಕೋರ್ಟಿನ ಜಾಮೀನಿಗೂ ‘ಬೇಲ್’ ಎಂಬ ಒಂದೇ ಶಬ್ದವೇ?
— ಹತ್ತಿ ವ್ಯಾಪಾರಿಗಳು, ಅಣ್ಣಿಗೇರಿ

ಉತ್ತರ: ಸದ್ದು ಒಂದೇ, ಅಕ್ಷರ ಬೇರೆ. ಅಂಡಿಗೆಗೆ ಬಿ-ಎ-ಎಲ್-ಇ, ನಮ್ಮಲ್ಲಿ ಒಂದಕ್ಕೆ 170 ಕಿಲೊ ಲೆಕ್ಕ. ಜಾಮೀನಿಗೆ ಬಿ-ಎ-ಐ-ಎಲ್. ಬಿಡಿ ಹತ್ತಿಯನ್ನು ಬಿಲ್ಲಿನಲ್ಲಿ ‘ಲೂಸ್’ ಎಂದು ಬರೆಯುವಾಗ ಎರಡು ‘ಒ’ ಇರಲಿ. ಒಂದು ‘ಒ’ ಕಳೆದರೆ ಅದು ‘ಕಳೆದುಕೊಳ್ಳು’ ಎಂಬ ಶಬ್ದ.

ಪ್ರಶ್ನೆ: ನಮ್ಮೂರಿಗೆ ಬರಬೇಕಾದ ಪಾರ್ಸಲ್ ಗದಗಕ್ಕೆ ಹೋಗಿ ಬರುತ್ತದೆ. ಏನು ಮಾಡುವುದು?
— ಓದುಗರು, ಗರಗ

ಉತ್ತರ: ಕನ್ನಡದಲ್ಲಿ ‘ರ’ ಮತ್ತು ‘ದ’ ಬೇರೆಯಾಗಿ ಎದ್ದು ಕಾಣುತ್ತವೆ. ಇಂಗ್ಲಿಷಿನ ಐದಕ್ಷರದಲ್ಲಿ ನಡುವಿನ ‘ಆರ್’ ಮತ್ತು ‘ಡಿ’ ಮಾತ್ರ ವ್ಯತ್ಯಾಸ, ಓದುವವರ ಕಣ್ಣು ದೊಡ್ಡ ಊರಿನ ಕಡೆಗೇ ಹೋಗುತ್ತದೆ. ಊರಿನ ಹೆಸರನ್ನು ಒಂಟಿಯಾಗಿ ಬರೆಯಬೇಡಿ. ‘ಗರಗ, ತಾಲ್ಲೂಕು ಧಾರವಾಡ, ಜಿಲ್ಲೆ ಧಾರವಾಡ’ ಎಂದು ಒಂದೇ ಸಾಲಿನಲ್ಲಿ ಬರೆದು, ಪಕ್ಕದಲ್ಲೇ ನಿಮ್ಮ ಅಂಚೆ ಕಚೇರಿಯ ಪಿನ್ ಹಾಕಿ. ಗದಗ ನಗರದ ಪಿನ್ 582ರಿಂದ ಶುರುವಾಗುತ್ತದೆ. ಪಾಕೀಟಿನ ಮೇಲೆ ಆ ಅಂಕಿ ಕಂಡರೆ ಕಳಿಸಿದವರೇ ತಪ್ಪು ಊರನ್ನು ಆರಿಸಿದ್ದಾರೆ ಎಂದು ತಿಳಿಯಿರಿ, ಅವರ ಹತ್ತಿರ ಉಳಿದಿರುವ ವಿಳಾಸವನ್ನೇ ತಿದ್ದಿಸಿ.